ಆರ್‌ಸಿಬಿ ದುಡ್ಡೆಲ್ಲ ಕೊಹ್ಲಿಗೇ ಹೋಗುತ್ತಾ? ಹರಾಜಿನ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳೆಷ್ಟು?

ಐಪಿಎಲ್ ಹರಾಜು ಹತ್ತಿರ ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎಲ್ಲರೂ ಲೆಕ್ಕಿಗರೇ. ಯಾರಿಗೆ ಎಷ್ಟು ಕೋಟಿ ಕೊಡಬೇಕಿತ್ತು, ಯಾರನ್ನು ಬಿಡಬಾರದಿತ್ತು ಎಂಬ ಚರ್ಚೆ ರಾತ್ರಿ ಹನ್ನೆರಡಾದರೂ ಮುಗಿಯುವುದಿಲ್ಲ. ಜೊತೆಗೆ ಕೆಲವು ಮೆಸೇಜ್‌ಗಳು ಪ್ರತಿ ವರ್ಷ ಹೊಸ ಫೋಟೊ ಹಾಕಿಕೊಂಡು ಮತ್ತೆ ಬರುತ್ತವೆ. ಅಂಥ ಐದು ಮಾತುಗಳನ್ನು ನಾವು ಒಂದೊಂದಾಗಿ ಲೆಕ್ಕ ಹಾಕಿ ನೋಡಿದೆವು.

1. "ಮಾಲೀಕರು ಕೈ ಬಿಚ್ಚಿ ಖರ್ಚು ಮಾಡಿದ್ದರೆ ಕಪ್ ಯಾವತ್ತೋ ಬರುತ್ತಿತ್ತು"

ತಪ್ಪು. ಮಾಲೀಕರು ಎಷ್ಟೇ ಶ್ರೀಮಂತರಾಗಿದ್ದರೂ ಹರಾಜಿನಲ್ಲಿ ಇಷ್ಟಬಂದಷ್ಟು ಖರ್ಚು ಮಾಡುವಂತಿಲ್ಲ. ಎಲ್ಲ ತಂಡಗಳಿಗೂ ಒಂದೇ ಮಿತಿ ಇರುತ್ತದೆ. ಇದನ್ನೇ 'ಪರ್ಸ್' ಎನ್ನುತ್ತಾರೆ. 2014ರಲ್ಲಿ ಇದು 60 ಕೋಟಿ ರೂಪಾಯಿ, 2018ರಲ್ಲಿ 80 ಕೋಟಿ, 2025ರ ಸೀಸನ್‌ಗೆ 120 ಕೋಟಿ ಆಗಿತ್ತು. ಉಳಿಸಿಕೊಂಡ ಆಟಗಾರರ ಮೊತ್ತವೂ ಇದರಲ್ಲೇ ಕಡಿತವಾಗುತ್ತದೆ.

ನಾವು ಕೊಂಡ ಜೆರ್ಸಿ ದುಡ್ಡಿನಿಂದ, ಟಿಕೆಟ್ ದುಡ್ಡಿನಿಂದ ಆಟಗಾರರನ್ನು ಕೊಳ್ಳುತ್ತಾರೆ ಎಂಬ ಮಾತೂ ಸರಿಯಲ್ಲ. ಐಪಿಎಲ್‌ನ ದೊಡ್ಡ ಆದಾಯ ಬರುವುದು ಟಿವಿ ಮತ್ತು ಮೊಬೈಲ್ ಪ್ರಸಾರದ ಹಕ್ಕಿನಿಂದ. 2023ರಿಂದ 2027ರವರೆಗಿನ ಐದು ವರ್ಷಗಳ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿದೆ. ಅದರಲ್ಲಿ ಎಲ್ಲ ತಂಡಗಳಿಗೂ ಪಾಲಿದೆ. ಜೆರ್ಸಿ ಎಷ್ಟೇ ಮಾರಾಟವಾದರೂ ಪರ್ಸ್ ಒಂದು ರೂಪಾಯಿಯೂ ದೊಡ್ಡದಾಗುವುದಿಲ್ಲ.

2. "ಹೆಚ್ಚು ರೇಟಿನ ಆಟಗಾರ ಅಂದರೆ ಹೆಚ್ಚು ಒಳ್ಳೆಯ ಆಟಗಾರ"

ಅರ್ಧ ನಿಜ. ಇದು ಅರ್ಥವಾಗಬೇಕಾದರೆ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯನ್ನು ನೆನಪಿಸಿಕೊಳ್ಳಿ. ಒಂದು ಲಾಟ್‌ಗೆ ಎಷ್ಟು ರೇಟು ಸಿಗುತ್ತದೆ ಎಂಬುದು ಗೂಡಿನ ಗುಣಮಟ್ಟದ ಮೇಲೆ ಮಾತ್ರ ನಿಂತಿಲ್ಲ. ಆ ದಿನ ಎಷ್ಟು ಗೂಡು ಬಂದಿದೆ, ಎಷ್ಟು ರೀಲರ್‌ಗಳು ಬಂದಿದ್ದಾರೆ, ಅವರ ಕೈಯಲ್ಲಿ ಎಷ್ಟು ದುಡ್ಡು ಉಳಿದಿದೆ, ಇವೆಲ್ಲ ಸೇರಿ ರೇಟು ಆಗುತ್ತದೆ. ನಿನ್ನೆ ಒಳ್ಳೆಯ ಬೆಲೆ ಸಿಕ್ಕ ಗೂಡಿಗೆ ಇವತ್ತು ಕಡಿಮೆ ಸಿಗಬಹುದು. ಗೂಡು ಅದೇ, ದಿನ ಬೇರೆ.

ಐಪಿಎಲ್‌ನಲ್ಲೂ ಹಾಗೇ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ರಿಷಭ್ ಪಂತ್ ಅವರ ಬಿಡ್ 20.75 ಕೋಟಿಗೆ ನಿಂತಿತ್ತು. ಹಳೆಯ ತಂಡ ಡೆಲ್ಲಿ 'ರೈಟ್ ಟು ಮ್ಯಾಚ್' ಕಾರ್ಡ್ ಬಳಸಿತು. ಅಂದರೆ ಅದೇ ರೇಟಿಗೆ ತಾನೇ ಇಟ್ಟುಕೊಳ್ಳುತ್ತೇನೆ ಎಂದಿತು. ಆಗ ನಿಯಮದ ಪ್ರಕಾರ ಸಿಕ್ಕ ಕೊನೆಯ ಅವಕಾಶದಲ್ಲಿ ಲಖನೌ ಒಂದೇ ಸಲಕ್ಕೆ 27 ಕೋಟಿಗೆ ಏರಿಸಿತು, ಡೆಲ್ಲಿ ಹಿಂದೆ ಸರಿಯಿತು. ಹೆಚ್ಚಾದ ಆ 6.25 ಕೋಟಿ ಪಂತ್ ಅವರ ಬ್ಯಾಟಿಂಗ್‌ಗೆ ಬಿದ್ದ ಬೆಲೆಯಲ್ಲ, ಇಬ್ಬರ ಪೈಪೋಟಿಗೆ ಬಿದ್ದ ಬೆಲೆ. 2025ರಲ್ಲಿ ಲಖನೌ ಏಳನೇ ಸ್ಥಾನಕ್ಕೆ ನಿಂತಿತು.

ಅದೇ ಹರಾಜಿನಲ್ಲಿ ಕೋಲ್ಕತ್ತ ತಂಡ ವೆಂಕಟೇಶ್ ಅಯ್ಯರ್ ಅವರಿಗೆ 23.75 ಕೋಟಿ ಕೊಟ್ಟಿತ್ತು. ಒಂದೇ ವರ್ಷದ ನಂತರ ಆರ್‌ಸಿಬಿ ಅವರನ್ನು 7 ಕೋಟಿಗೆ ಕೊಂಡಿತು. ಇನ್ನೂ ಹಳೆಯ ಉದಾಹರಣೆ ಬೇಕೇ? 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲೇ ಇಲ್ಲ. ಆಮೇಲೆ ಗಾಯಗೊಂಡ ಡರ್ಕ್ ನ್ಯಾನಸ್ ಬದಲಿಗೆ ಆರ್‌ಸಿಬಿಗೆ ಬಂದ ಅವರು 608 ರನ್ ಬಾರಿಸಿ ಆರೆಂಜ್ ಕ್ಯಾಪ್ ಗೆದ್ದರು.

3. "ಕೊಹ್ಲಿಗೆ ಕೊಟ್ಟ ದುಡ್ಡಿನಿಂದಲೇ ಬೌಲರ್‌ಗಳಿಗೆ ದುಡ್ಡಿಲ್ಲ"

ಈ ಮಾತಿನಲ್ಲಿ ಒಂದು ಕಾಲದಲ್ಲಿ ನಿಜ ಇತ್ತು. ಆದರೆ ತಪ್ಪು ಒಬ್ಬ ಆಟಗಾರನದಲ್ಲ, ಇಡೀ ಹಂಚಿಕೆಯದು.

2014ರ ಲೆಕ್ಕ ನೋಡಿ. ಆರ್‌ಸಿಬಿ ವಿರಾಟ್ ಕೊಹ್ಲಿ, ಎಬಿ ಡಿ ವಿಲಿಯರ್ಸ್, ಕ್ರಿಸ್ ಗೇಲ್ ಈ ಮೂವರನ್ನು ಉಳಿಸಿಕೊಂಡಿತು. ಮೂವರಿಗೆ ಪರ್ಸಿನಿಂದ ಕಡಿತವಾದದ್ದು 12.5, 9.5 ಮತ್ತು 7.5 ಕೋಟಿ. ಹರಾಜಿನಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟಿತು. ನಾಲ್ವರಿಗೇ 43.5 ಕೋಟಿ ಆಯಿತು. 60 ಕೋಟಿಯಲ್ಲಿ ಉಳಿದದ್ದು 16.5 ಕೋಟಿ, ಅಷ್ಟರಲ್ಲೇ ಮಿಕ್ಕ ಇಡೀ ತಂಡ ಕಟ್ಟಬೇಕಿತ್ತು. ಬೌಲರ್‌ಗಳೆಲ್ಲ ಅದರಲ್ಲೇ ಬರಬೇಕಿತ್ತು. ಆ ವರ್ಷ ಎಂಟು ತಂಡಗಳಲ್ಲಿ ಆರ್‌ಸಿಬಿ ಏಳನೇ ಸ್ಥಾನದಲ್ಲಿತ್ತು.

ಈಗ 2025 ನೋಡಿ. ಕೊಹ್ಲಿಗೆ 21 ಕೋಟಿ, ಜೋಶ್ ಹೇಜಲ್‌ವುಡ್‌ಗೆ 12.5 ಕೋಟಿ, ಫಿಲ್ ಸಾಲ್ಟ್‌ಗೆ 11.5 ಕೋಟಿ. ನಾಲ್ಕನೇ ಸ್ಥಾನದಲ್ಲಿ ತಲಾ 11 ಕೋಟಿಯ ರಜತ್ ಪಾಟೀದಾರ್ ಮತ್ತು ಜಿತೇಶ್ ಶರ್ಮಾ. ದುಬಾರಿ ನಾಲ್ವರ ಮೊತ್ತ 56 ಕೋಟಿ, ಅಂದರೆ 120 ಕೋಟಿಯಲ್ಲಿ ಅರ್ಧಕ್ಕಿಂತ ಕಡಿಮೆ. 2014ರಲ್ಲಿ ಇದೇ ಪಾಲು ಶೇ 72 ದಾಟಿತ್ತು.

ಬೌಲಿಂಗ್‌ಗೆ ಎಷ್ಟು ಹೋಯಿತು? ಹೇಜಲ್‌ವುಡ್ 12.5, ಭುವನೇಶ್ವರ್ ಕುಮಾರ್ 10.75, ರಸಿಖ್ ದಾರ್ 6, ಆಲ್‌ರೌಂಡರ್ ಕೃಣಾಲ್ ಪಾಂಡ್ಯ 5.75, ಯಶ್ ದಯಾಳ್ 5 ಕೋಟಿ. ಈ ಐವರಿಗೇ 40 ಕೋಟಿ, ಪರ್ಸಿನ ಮೂರನೇ ಒಂದು ಭಾಗ. ಅಂದರೆ ಕೊಹ್ಲಿಗೆ 21 ಕೋಟಿ ಕೊಟ್ಟ ವರ್ಷವೇ ಬೌಲರ್‌ಗಳಿಗೂ ದುಡ್ಡು ಸಿಕ್ಕಿತು.

ಉಳಿದ ದುಡ್ಡಿನಲ್ಲಿ ಬಂದವರೂ ಪಂದ್ಯ ಗೆಲ್ಲಿಸಿದರು. 1.5 ಕೋಟಿಯ ರೊಮಾರಿಯೊ ಶೆಫರ್ಡ್ ಚೆನ್ನೈ ವಿರುದ್ಧ 14 ಎಸೆತಗಳಲ್ಲಿ 53 ರನ್ ಹೊಡೆದರು. ಆ ಪಂದ್ಯ ಗೆದ್ದದ್ದು ಬರೀ 2 ರನ್‌ಗಳಿಂದ. 2.6 ಕೋಟಿಯ ಸುಯಶ್ ಶರ್ಮಾ ಮೊದಲ ಕ್ವಾಲಿಫೈಯರ್‌ನಲ್ಲಿ 17 ರನ್ ಕೊಟ್ಟು 3 ವಿಕೆಟ್ ತೆಗೆದರು. ಜೂನ್ 3ರಂದು ಅಹಮದಾಬಾದ್ ಫೈನಲ್‌ನಲ್ಲಿ ಕೃಣಾಲ್ 4 ಓವರ್‌ಗೆ 17 ರನ್ ಮಾತ್ರ ಕೊಟ್ಟು 2 ವಿಕೆಟ್ ಪಡೆದರು. ಆರ್‌ಸಿಬಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದಿತು. ಹದಿನೆಂಟನೇ ಸೀಸನ್‌ನಲ್ಲಿ ಕೊನೆಗೂ ಕಪ್ ಬಂತು.

ಹಾಗಂತ ಆ ಖರೀದಿಯೆಲ್ಲ ಫಲಿಸಲಿಲ್ಲ. 6 ಕೋಟಿಯ ರಸಿಖ್ ದಾರ್‌ಗೆ ಆಡಲು ಸಿಕ್ಕಿದ್ದು ಕೆಲವೇ ಪಂದ್ಯ. ಆದರೆ ದುಡ್ಡು ಹಲವರಲ್ಲಿ ಹಂಚಿಹೋಗಿದ್ದರಿಂದ ಒಂದು ಲೆಕ್ಕ ತಪ್ಪಿದರೂ ತಂಡ ಬೀಳಲಿಲ್ಲ.

4. "ದುಬಾರಿ ಆಟಗಾರರನ್ನು ಕೊಂಡವರು ಕಪ್ ಗೆಲ್ಲುವುದೇ ಇಲ್ಲ"

ಇದೂ ತಪ್ಪು. ಮೇಲಿನದನ್ನು ಓದಿ ಈ ತೀರ್ಮಾನಕ್ಕೆ ಬರಬೇಡಿ. 2024ರ ಸೀಸನ್‌ಗೆ ಕೋಲ್ಕತ್ತ ತಂಡ ಮಿಚೆಲ್ ಸ್ಟಾರ್ಕ್‌ಗೆ 24.75 ಕೋಟಿ ಕೊಟ್ಟಿತು. ಆಗ ಅದು ಐಪಿಎಲ್ ದಾಖಲೆ. ಲೀಗ್ ಪಂದ್ಯಗಳಲ್ಲಿ ಅವರು ರನ್ ಕೊಡುತ್ತಿದ್ದಾಗ ಮೀಮ್‌ಗಳ ಸುರಿಮಳೆಯಾಯಿತು. ಕೊನೆಗೆ ಮೊದಲ ಕ್ವಾಲಿಫೈಯರ್ ಮತ್ತು ಫೈನಲ್ ಎರಡರಲ್ಲೂ ಸ್ಟಾರ್ಕ್ ಅವರೇ ಪಂದ್ಯಶ್ರೇಷ್ಠರಾದರು, ಕಪ್ ಕೋಲ್ಕತ್ತಕ್ಕೆ ಹೋಯಿತು.

ನಮ್ಮದೇ ಮಹಿಳಾ ತಂಡದ ಉದಾಹರಣೆಯೂ ಇದೆ. 2023ರ ಮೊದಲ ಡಬ್ಲ್ಯುಪಿಎಲ್ ಹರಾಜಿನಲ್ಲಿ ಪರ್ಸ್ 12 ಕೋಟಿ ಇತ್ತು. ಸ್ಮೃತಿ ಮಂದಾನಾಗೆ ಆರ್‌ಸಿಬಿ 3.4 ಕೋಟಿ ಕೊಟ್ಟಿತು, ಆ ಹರಾಜಿನ ಅತಿ ಹೆಚ್ಚಿನ ಮೊತ್ತ. ಮೊದಲ ವರ್ಷ ಐದು ತಂಡಗಳಲ್ಲಿ ನಾಲ್ಕನೇ ಸ್ಥಾನ. ಮರುವರ್ಷ ಅದೇ ನಾಯಕಿ, ಅದೇ ಮೊತ್ತ, ಕಪ್ ಬಂತು! 10 ಲಕ್ಷಕ್ಕೆ ಬಂದ ಕನ್ನಡತಿ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ 4 ವಿಕೆಟ್ ತೆಗೆದು, ಆ ಸೀಸನ್‌ನ ಪರ್ಪಲ್ ಕ್ಯಾಪ್ ಗೆದ್ದರು. 3.4 ಕೋಟಿಯವರೂ 10 ಲಕ್ಷದವರೂ ಒಟ್ಟಿಗೆ ಆಡಿದಾಗ ಬಂದ ಕಪ್ ಅದು.

5. "ಹೆಸರು ಬೆಂಗಳೂರು, ದುಡ್ಡೆಲ್ಲ ಹೊರಗಿನವರಿಗೆ"

ಈ ನೋವು ನಿಜ. ಜೆಡ್ಡಾ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ, ಪ್ರಸಿದ್ಧ್ ಕೃಷ್ಣ 9.5 ಕೋಟಿಗೆ ಗುಜರಾತ್‌ಗೆ, ಅಭಿನವ್ ಮನೋಹರ್ 3.2 ಕೋಟಿಗೆ ಹೈದರಾಬಾದ್‌ಗೆ, ವೈಶಾಖ್ ವಿಜಯಕುಮಾರ್ 1.8 ಕೋಟಿಗೆ ಪಂಜಾಬ್‌ಗೆ ಹೋದರು. ಆರ್‌ಸಿಬಿ ಕೊಂಡ ಕರ್ನಾಟಕದ ಆಟಗಾರರು ದೇವದತ್ತ ಪಡಿಕ್ಕಲ್ (2 ಕೋಟಿ) ಮತ್ತು ಮನೋಜ್ ಭಾಂಡಗೆ (30 ಲಕ್ಷ).

ಆದರೆ ಇದರಲ್ಲಿ ನಿಯಮದ ಉಲ್ಲಂಘನೆ ಏನೂ ಇಲ್ಲ. ತಂಡದಲ್ಲಿ ಗರಿಷ್ಠ 25 ಮಂದಿ, ಅವರಲ್ಲಿ ವಿದೇಶಿಯರು 8ಕ್ಕಿಂತ ಹೆಚ್ಚಿರಬಾರದು. ರಾಜ್ಯದ ಆಟಗಾರರು ಇಷ್ಟು ಇರಲೇಬೇಕು ಎಂಬ ನಿಯಮ ಇಲ್ಲ. ನಾಲ್ಕು ತಂಡಗಳು ಕರ್ನಾಟಕದವರಿಗೆ ಕೋಟಿ ಕೋಟಿ ಕೊಟ್ಟವು ಎಂದರೆ ಇಲ್ಲಿ ಆಟಗಾರರು ತಯಾರಾಗುತ್ತಿದ್ದಾರೆ ಎಂದೂ ಅರ್ಥ. ಚಿಂತಾಮಣಿಯ ಹುಡುಗನೋ ಗೌರಿಬಿದನೂರಿನ ಹುಡುಗಿಯೋ ಮೇಲೆ ಬರಬೇಕಾದರೆ ಆರ್‌ಸಿಬಿ ಪರ್ಸ್‌ಗಿಂತ ಮುಖ್ಯವಾದದ್ದು ತಾಲ್ಲೂಕಿನಲ್ಲಿ ಒಂದು ಟರ್ಫ್ ಪಿಚ್, ಒಬ್ಬ ಕೋಚ್, ರಾಜ್ಯ ಕ್ರಿಕೆಟ್ ಸಂಸ್ಥೆಯ ವಯೋಮಿತಿ ಟೂರ್ನಿಗಳಲ್ಲಿ ಅವಕಾಶ. ಆ ಬಗ್ಗೆ ಫಾರ್ವರ್ಡ್ ಬರುವುದು ಅಪರೂಪ.

ಕೊನೆಯಲ್ಲಿ ಲಿಂಕ್ ಇದ್ದರೆ ಎಚ್ಚರ

ಇಂಥ ಕೆಲವು ಮೆಸೇಜ್‌ಗಳು ಚರ್ಚೆಯಿಂದ ಶುರುವಾಗಿ, 'ಪರ್ಸ್ ನೋಡಿ ಗೆಲ್ಲುವ ತಂಡ ಹೇಳುವ ಫಾರ್ಮುಲಾ' ಎಂದು ಒಂದು ಲಿಂಕ್‌ಗೋ ಆ್ಯಪ್ ಫೈಲ್‌ಗೋ ಬಂದು ನಿಲ್ಲುತ್ತವೆ. ಅಂಥ ಫಾರ್ಮುಲಾ ಇಲ್ಲ ಎಂಬುದನ್ನು ಪಂತ್, ಸ್ಟಾರ್ಕ್, ಗೇಲ್ ಮೂವರ ಕಥೆಯೂ ಹೇಳುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿ ತಜ್ಞರನ್ನು ಇಟ್ಟುಕೊಂಡ ತಂಡಗಳಿಗೇ ಗೊತ್ತಾಗದ್ದು ಒಂದು ಮೆಸೇಜ್‌ಗೆ ಗೊತ್ತಿರುತ್ತದೆಯೇ? 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಂಥ ಆ್ಯಪ್‌ಗೆ ದುಡ್ಡು ಹಾಕಿಸಿಕೊಂಡು ಮೋಸ ಮಾಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ವಾಪಸ್ ಸಿಗುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ

ಎಲ್ಲರ ಪರ್ಸ್ ಒಂದೇ ಗಾತ್ರದ್ದು. ಹಾಗಾಗಿ ಮುಂದಿನ ಹರಾಜಿನಂದು 'ಅವನಿಗೆ ಇಷ್ಟೊಂದಾ?' ಎಂದು ಬೈಯುವ ಮೊದಲು 'ಅವನಿಗೆ ಕೊಟ್ಟ ಮೇಲೆ ಉಳಿದದ್ದೆಷ್ಟು, ಅದರಲ್ಲಿ ಇನ್ನೂ ಎಷ್ಟು ಜನ ಬೇಕು?' ಎಂದು ಕೇಳಿ. ರೇಟು ನಿಗದಿ ಮಾಡುವುದು ಆಟಗಾರನಲ್ಲ, ಹರಾಜು. ರೇಟು ಹೆಚ್ಚಾಯಿತೆಂದು ಆಟಗಾರನನ್ನೋ ಅವನ ಮನೆಯವರನ್ನೋ ಬೈಯುವ ಮೆಸೇಜ್ ಬಂದರೆ ಅದನ್ನು ನಿಮ್ಮ ಫೋನಿನಲ್ಲೇ ನಿಲ್ಲಿಸಿ. ಚರ್ಚೆ ಬೇಕಾದಷ್ಟು ಮಾಡಿ, ಲೆಕ್ಕ ಹಾಕಿ ಮಾಡಿ.