ಎಂ.ಎ., ಎಂ.ಎಸ್ಸಿ. ಓದಿದರೆ ಸಾಲದು, ಮುಗಿಸಬೇಕು: ಸ್ನಾತಕೋತ್ತರ ಪದವಿ ಕೈಗೆ ಸಿಗಲು ಏನೆಲ್ಲ ಬೇಕು?

ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಸ್ನಾತಕೋತ್ತರ ತರಗತಿಗೆ ಸೇರುವ ಯುವಕ ಯುವತಿಯರಿಗೆ ಕೊರತೆಯಿಲ್ಲ. ಆದರೆ ಸೇರಿದವರೆಲ್ಲರೂ ಪದವಿ ಪತ್ರವನ್ನು ಕೈಯಲ್ಲಿ ಹಿಡಿದಿದ್ದಾರೆಯೇ ಎಂದು ಕೇಳಿದರೆ ಉತ್ತರ ಬೇರೆಯೇ. ಒಂದು ವಿಷಯ ಬಾಕಿ ಇರುವಾಗಲೇ ಕೆಲಸ ಸಿಕ್ಕಿತೆಂದು ಬೆಂಗಳೂರಿಗೋ ಗಲ್ಫಿಗೋ ಹೊರಟು, ಮತ್ತೆ ಆ ಕಡೆ ತಿರುಗಿ ನೋಡದವರು ನಮ್ಮ ನಡುವೆ ಇದ್ದಾರೆ. ಮನೆಯವರು ಕಷ್ಟಪಟ್ಟು ಕಟ್ಟಿದ ಶುಲ್ಕ, ಎರಡು ವರ್ಷದ ಓದು ಒಂದೇ ಪತ್ರಿಕೆಗಾಗಿ ವ್ಯರ್ಥವಾಗಬಾರದು. ಆದ್ದರಿಂದ ಪದವಿ ಪೂರ್ಣಗೊಳ್ಳಲು ಬೇಕಾದ ಅಂಶಗಳನ್ನು ಇಲ್ಲಿ ಸರಳವಾಗಿ ವಿವರಿಸುತ್ತಿದ್ದೇವೆ.

ಎಷ್ಟು ವರ್ಷ, ಎಷ್ಟು ಕ್ರೆಡಿಟ್?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) 2024ರಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ, ಮೂರು ವರ್ಷದ ಪದವಿ ಮುಗಿಸಿದವರಿಗೆ ಸ್ನಾತಕೋತ್ತರ ಶಿಕ್ಷಣ ಎರಡು ವರ್ಷದ್ದು, ನಾಲ್ಕು ವರ್ಷದ ಪದವಿ ಪಡೆದವರಿಗೆ ಒಂದು ವರ್ಷದಲ್ಲಿ ಮುಗಿಸುವ ಅವಕಾಶವಿದೆ. ಕರ್ನಾಟಕ ಸರ್ಕಾರವು 2024-25ನೇ ಸಾಲಿನಿಂದ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿರುವುದರಿಂದ ನಮ್ಮ ಹೆಚ್ಚಿನ ಮಕ್ಕಳಿಗೆ ಅನ್ವಯಿಸುವುದು ಎರಡು ವರ್ಷ, ಅಂದರೆ ನಾಲ್ಕು ಸೆಮಿಸ್ಟರ್.

ವರ್ಷಕ್ಕೆ 40ರಂತೆ ಎರಡು ವರ್ಷಕ್ಕೆ ಕನಿಷ್ಠ 80 ಕ್ರೆಡಿಟ್ ಗಳಿಸಬೇಕು. ಕ್ರೆಡಿಟ್ ಎಂದರೆ ಓದಿನ ಅಳತೆ. ಸೆಮಿಸ್ಟರಿನಲ್ಲಿ 15 ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಪ್ರಯೋಗಾಲಯದ ಕೆಲಸವಾದರೆ 30 ಗಂಟೆಗೆ ಒಂದು. ಹೀಗಾಗಿ ನಾಲ್ಕು ಕ್ರೆಡಿಟಿನ ಪತ್ರಿಕೆ ಎಂದರೆ 60 ಗಂಟೆಯ ಪಾಠ. ಅನಿವಾರ್ಯ ಕಾರಣದಿಂದ ಮೊದಲ ವರ್ಷಕ್ಕೇ ನಿಲ್ಲಿಸುವವರು ಆ ವರ್ಷದ ಕ್ರೆಡಿಟ್ ಪೂರ್ತಿ ಗಳಿಸಿದ್ದರೆ ಸ್ನಾತಕೋತ್ತರ ಡಿಪ್ಲೊಮಾ ಪಡೆದು ಹೊರಬರಲು ಈ ಚೌಕಟ್ಟಿನಲ್ಲಿ ದಾರಿಯಿದೆ.

ಹಾಜರಾತಿ ಮತ್ತು ಆಂತರಿಕ ಅಂಕ

ಸಾಮಾನ್ಯವಾಗಿ ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕುಳಿತುಕೊಳ್ಳಲು ಬಿಡುವುದಿಲ್ಲ. ಓದಿನ ಜೊತೆಗೆ ಅರೆಕಾಲಿಕ ಕೆಲಸ ಮಾಡುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಕಿರುಪರೀಕ್ಷೆ, ಸೆಮಿನಾರ್, ಅಸೈನ್‌ಮೆಂಟ್‌ಗಳಿಗೆ ಸಿಗುವ ಆಂತರಿಕ ಅಂಕಗಳನ್ನೂ ಕಡೆಗಣಿಸಬಾರದು. ಕೊನೆಯ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದು. ಕೈಬಿಟ್ಟ ಆಂತರಿಕ ಅಂಕ ಹಲವೆಡೆ ಮರಳಿ ಸಿಗುವುದಿಲ್ಲ.

ಅಂಕಗಳ ಲೆಕ್ಕ

ಹತ್ತು ಅಂಶಗಳ ಗ್ರೇಡ್ ಪದ್ಧತಿಯಲ್ಲಿ ಪ್ರತಿ ವಿಷಯದ ಗ್ರೇಡನ್ನು ಅದರ ಕ್ರೆಡಿಟಿನಿಂದ ಗುಣಿಸಿ, ಒಟ್ಟು ಕ್ರೆಡಿಟಿನಿಂದ ಭಾಗಿಸುತ್ತಾರೆ. ನಾಲ್ಕು ಕ್ರೆಡಿಟಿನ ವಿಷಯದಲ್ಲಿ 8, ಎರಡು ಕ್ರೆಡಿಟಿನದರಲ್ಲಿ 6 ಬಂದರೆ ಸರಾಸರಿ 7 ಅಲ್ಲ, 7.33. ಹೆಚ್ಚು ಕ್ರೆಡಿಟಿನ ವಿಷಯಕ್ಕೆ ಹೆಚ್ಚು ತೂಕ. ಪಾಸಾದರೆ ಸಾಕೆಂದು ಕುಳಿತುಕೊಳ್ಳುವಂತೆಯೂ ಇಲ್ಲ. ಉಪನ್ಯಾಸಕರಾಗಲು ಬೇಕಾದ ಎನ್.ಇ.ಟಿ.ಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಮೀಸಲಾತಿ ವರ್ಗಗಳಿಗೆ ಹಾಗೂ ಅಂಗವಿಕಲರಿಗೆ ಶೇ. 50.

ಪ್ರಬಂಧದಲ್ಲಿ ನಕಲು ಬೇಡ

ಅನೇಕ ವಿಭಾಗಗಳಲ್ಲಿ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಅಥವಾ ಪ್ರಬಂಧ ಸಲ್ಲಿಸಬೇಕು. ಕೃತಿಚೌರ್ಯದ ಬಗ್ಗೆ ಯು.ಜಿ.ಸಿ. 2018ರಲ್ಲಿ ನಿಯಮ ಮಾಡಿದೆ. ಬೇರೆಯವರ ಬರಹದೊಡನೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 40ರವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಕೊಡಬೇಕು. ಶೇ. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು.

ಬಾಕಿ ಉಳಿದರೆ ಎಷ್ಟು ಕಾಲ?

ನಿಗದಿತ ಅವಧಿಯ ಮೇಲೆ ಸಾಮಾನ್ಯವಾಗಿ ಇನ್ನೆರಡು ವರ್ಷ, ವಿಶೇಷ ಸಂದರ್ಭದಲ್ಲಿ ಮತ್ತೊಂದು ವರ್ಷ ಕೊಡಬಹುದೆಂದು ಯು.ಜಿ.ಸಿ. 2015ರಲ್ಲಿ ತಿಳಿಸಿತ್ತು. ನಿಖರ ಗಡುವನ್ನು ತಮ್ಮ ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗದಲ್ಲೇ ಕೇಳಿ ತಿಳಿಯಬೇಕು. ಪಠ್ಯಕ್ರಮ ಬದಲಾದ ಮೇಲೆ ಹಳೆಯ ಪಠ್ಯದ ಪರೀಕ್ಷೆ ಹೆಚ್ಚು ಕಾಲ ನಡೆಯುವುದಿಲ್ಲ ಎಂಬುದು ನೆನಪಿರಲಿ. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಖಾತೆ ತೆರೆದರೆ ಗಳಿಸಿದ ಕ್ರೆಡಿಟ್‌ಗಳು ಅಲ್ಲಿ ದಾಖಲಾಗಿರುತ್ತವೆ. ಡಿಜಿಲಾಕರ್ ಮೂಲಕ ಖಾತೆ ತೆರೆಯಬಹುದು.

ಹೆಸರು ಒಂದೇ ರೀತಿ ಇರಲಿ

ನಮ್ಮಲ್ಲಿ ತೊಂದರೆ ಕೊಡುವ ಮತ್ತೊಂದು ಸಂಗತಿ ಹೆಸರು. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು! ಡಿಸೋಜ ಎಂಬ ಒಂದು ಮನೆತನದ ಹೆಸರನ್ನೇ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತೇವೆ ನೋಡಿ. ವಿದೇಶಕ್ಕೆ ಹೋಗುವವರು ಪದವಿ ಪತ್ರವನ್ನು ದೃಢೀಕರಿಸಿಕೊಳ್ಳುವಾಗ ಇಂಥ ವ್ಯತ್ಯಾಸಗಳು ಅಡ್ಡ ಬರುತ್ತವೆ. ಪ್ರವೇಶದ ಸಮಯದಲ್ಲೇ ಸರಿಪಡಿಸಿದರೆ ಮುಂದಿನ ಓಡಾಟ ತಪ್ಪುತ್ತದೆ.

ಪದವಿ ಪತ್ರ ಕೇಳಿ ಪಡೆಯಿರಿ

ಫಲಿತಾಂಶ ಬಂದ ಮೇಲೆ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ ಪಡೆದುಕೊಂಡು, ಘಟಿಕೋತ್ಸವದ ಪ್ರಕಟಣೆ ಬಂದಾಗ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ವಿದ್ಯಾರ್ಥಿಗಳು ಅರ್ಹತೆ ಪಡೆಯಬೇಕಾದ ದಿನದಿಂದ 180 ದಿನಗಳೊಳಗೆ ಪದವಿ ನೀಡಬೇಕೆಂದು ಯು.ಜಿ.ಸಿ.ಯ 2008ರ ನಿಯಮ ಹೇಳುತ್ತದೆ. ತಡವಾದರೆ ವಿಚಾರಿಸುವ ಹಕ್ಕು ವಿದ್ಯಾರ್ಥಿಗಿದೆ.

ವಾಳೆಯ ಗುರಿಕಾರರಲ್ಲಿ ಮತ್ತು ಯುವ ಸಂಘಟನೆಗಳ ಪದಾಧಿಕಾರಿಗಳಲ್ಲಿ ನಮ್ಮದೊಂದು ವಿನಂತಿ. ಮನೆಭೇಟಿಗೆ ಹೋದಾಗ "ಮಗಳು ಏನು ಓದುತ್ತಿದ್ದಾಳೆ?" ಎಂದಷ್ಟೇ ಕೇಳದೆ, "ಯಾವುದಾದರೂ ವಿಷಯ ಬಾಕಿ ಇದೆಯೇ?" ಎಂದೂ ಪ್ರೀತಿಯಿಂದ ವಿಚಾರಿಸಿ. ಇದೆ ಎಂದರೆ ಮುಂದಿನ ಪರೀಕ್ಷೆಗೆ ಅರ್ಜಿ ಹಾಕಲು ಜೊತೆಗೆ ನಿಲ್ಲಿ. ಎಷ್ಟೋ ಮಂದಿಗೆ ಬೇಕಾಗಿರುವುದು ಅಷ್ಟೇ ಆಸರೆ.