ತಂಬೂರಿ ಎಲ್ಲಿ ಹೋಯಿತು?

ನಮ್ಮ ಘಟ್ಟದ ಮೇಲಿನ ಮನೆಗಳಿಗೆ ಹಿಂದೂಸ್ತಾನೀ ಸಂಗೀತವು ಧಾರವಾಡದಿಂದ ಬಂದಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಕೆತೋಟಗಳ ನಡುವೆ ಒಂದಕ್ಕೊಂದು ಕೂಗಳತೆಯಲ್ಲಿ ನಿಂತ ಮನೆಗಳಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಜಗಲಿಯ ಗೂಡಿನ ರೇಡಿಯೋದ ಕಿವಿ ಹಿಂಡುವುದು ಒಂದು ನಿತ್ಯಕರ್ಮವೇ ಆಗಿತ್ತು. ಧಾರವಾಡದ ಆಕಾಶವಾಣಿ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಅದರ 765 ಕಿಲೋಹರ್ಟ್ಸಿನ ಮಧ್ಯಮ ತರಂಗವು ಕಾಡನ್ನೂ ಕಣಿವೆಯನ್ನೂ ದಾಟಿ, ಗುಡುಗಿನ ದಿನಗಳಲ್ಲಿ ಕರಕರ ಸದ್ದನ್ನೂ ಜೊತೆಗೆ ಕಟ್ಟಿಕೊಂಡು ನಮ್ಮ ಜಗಲಿಗೆ ಬಂದಿಳಿಯುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರೆಲ್ಲ ನಮಗೆ ಮೊದಲು ಪರಿಚಯವಾದದ್ದು ಮುಖದಿಂದಲ್ಲ, ಆ ಕರಕರದ ಹಿಂದಿನ ಕಂಠದಿಂದ.

ನನ್ನ ತಂದೆಯವರ ಪರಿಚಯ ಮಾತ್ರ ಇನ್ನೂ ಹತ್ತಿರದ್ದು. 1960ರ ದಶಕದಲ್ಲಿ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದಾಗ ಮನ್ಸೂರರ ಎದುರಿಗೇ ಜಮಖಾನೆಯ ಮೇಲೆ ಕುಳಿತು ಕೇಳಿದವರು. ಪದವಿ ಮುಗಿಸಿ ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಗೆ, ತೋಟಕ್ಕೆ ಮರಳಿದರು; ಧಾರವಾಡವನ್ನು ರೇಡಿಯೋದ ಮೂಲಕವೇ ಉಳಿಸಿಕೊಂಡರು. ಮುಂದೆ ಕ್ಯಾಸೆಟ್ಟುಗಳು ಬಂದವು. ಮಲೆನಾಡಿನ ಆಷಾಢಕ್ಕೂ ಕ್ಯಾಸೆಟ್ಟಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಎರಡು ಮಳೆಗಾಲ ಕಳೆಯುವುದರೊಳಗೆ ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಸ್ಟು ಹಬ್ಬಿ, ಭೈರವಿ ಯಾವುದು ತೋಡಿ ಯಾವುದು ಎಂದು ತಿಳಿಯದಂತಾಗುತ್ತಿತ್ತು. 1990ರ ದಶಕದಲ್ಲಿ ಒಂದು ವರ್ಷ ಅಡಕೆಯ ಹಣ ಕೈಗೆ ಬಂದೊಡನೆ ತಂದೆ ಹುಬ್ಬಳ್ಳಿಗೆ ಹೋಗಿ ಒಂದು ಆಂಪ್ಲಿಫೈಯರನ್ನೂ ಮರದ ಪೆಟ್ಟಿಗೆಯ ಎರಡು ದೊಡ್ಡ ಸ್ಪೀಕರುಗಳನ್ನೂ ತಂದರು. ಆಯಿ ಹದಿನೈದು ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲವೆಂಬುದು ನನಗೆ ಚೆನ್ನಾಗಿ ನೆನಪಿದೆ. ಆ ಹೈ-ಫೈ ಇಂದಿಗೂ ನಮ್ಮ ಒಳಜಗಲಿಯಲ್ಲಿದೆ. ಹಾಡುವ ಸಾಮರ್ಥ್ಯ ಅದಕ್ಕೆ ಉಳಿದಿತ್ತು. ಹಾಡಿಸಲು ಏನೂ ಉಳಿದಿರಲಿಲ್ಲ.

ಹೀಗಿರಲು, ಕಳೆದ ಬೇಸಗೆಯ ರಜೆಯಲ್ಲಿ ನನಗೆ ಒಂದು ಹುಕಿ ಹತ್ತಿತು. ಈಗ ಸಂಗೀತವು ಅಂತರ್ಜಾಲದಲ್ಲಿ ಹರಿದು ಬರುತ್ತದೆ. ಅದರಲ್ಲಿಯೂ ‘ಹೈ-ರೆಸಲ್ಯೂಷನ್’ ಎಂಬ ಉತ್ತಮ ದರ್ಜೆಯೊಂದು ಇದೆ. ಅದನ್ನು ತಂದೆಯ ಹಳೆಯ ಸ್ಪೀಕರುಗಳಲ್ಲಿ ನುಡಿಸಿ, ಧಾರವಾಡದ ಆ ಜಮಖಾನೆಯನ್ನು ಸಿದ್ದಾಪುರದ ಜಗಲಿಯಲ್ಲಿ ಹಾಸಿಬಿಡಬೇಕು ಎಂಬುದು ನನ್ನ ಸಂಕಲ್ಪ. ಕನ್ನಡದ ಮೇಷ್ಟರಿಗೆ ಇದೆಲ್ಲ ಏಕೆ ಎಂದು ನನ್ನ ಸಹೋದ್ಯೋಗಿಗಳು ಕೇಳಿದ್ದುಂಟು. ಛಂದಸ್ಸಿನ ಮಾತ್ರೆ ಎಣಿಸುವವನಿಗೆ ಈ ಎಣಿಕೆಯೇನೂ ಹೊಸದಲ್ಲ ಎಂದು ಉತ್ತರಿಸಿದೆ.

ಎಣಿಕೆಯ ವಿಚಾರ ಇಷ್ಟು. ಗಾಳಿಯಲ್ಲಿ ಅಲೆಯಾಗಿ ಬರುವ ನಾದವನ್ನು ಯಂತ್ರವು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಒಂದು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಪ್ರತಿ ಅಳತೆಗೂ 16 ಬಿಟ್ಟುಗಳು, ಎಂದರೆ ನಾದದ ಏರಿಳಿತಕ್ಕೆ 65,536 ಮೆಟ್ಟಿಲುಗಳು. ಹೈ-ರೆಸಲ್ಯೂಷನ್ ಎಂದು ಸಾಮಾನ್ಯವಾಗಿ ಕರೆಯುವುದರಲ್ಲಿ ಸೆಕೆಂಡಿಗೆ 96,000 ಅಥವಾ 1,92,000 ಅಳತೆಗಳು. 24 ಬಿಟ್ಟುಗಳು, ಎಂದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೀರಿದ ಮೆಟ್ಟಿಲುಗಳು. ಅಳತೆಗಳ ಸಂಖ್ಯೆಯ ಅರ್ಧದಷ್ಟು ಆವರ್ತನದವರೆಗಿನ ನಾದವನ್ನು ಹಿಡಿಯಬಹುದೆಂಬುದು ಇದರ ಗಣಿತ. ಸಿ.ಡಿ.ಯ ಮಿತಿ 22,050 ಹರ್ಟ್ಸ್. ಎಳೆಯ ಕಿವಿಯೂ 20,000ದ ಆಚೆಗೆ ಏನನ್ನೂ ಕೇಳದು. ಹಾಗಾದರೆ ಮಿಕ್ಕ ಅಳತೆಗಳು ಯಾರಿಗಾಗಿ? ಬಾವಲಿಗಳಿಗಾಗಿ ಎಂದು ನನ್ನ ಅಣ್ಣನ ಅಭಿಪ್ರಾಯ. ನನಗೂ ಈಗ ಅದೇ ಸರಿಯೆನಿಸುತ್ತದೆ, ಆಗ ಅನಿಸಿರಲಿಲ್ಲ. ಇಲ್ಲಿ ರೇಡಿಯೋದ ಮಾತನ್ನೂ ಹೇಳಬೇಕು. ಮಧ್ಯಮ ತರಂಗದ ನಿಲಯಗಳನ್ನು ನಮ್ಮಲ್ಲಿ 9 ಕಿಲೋಹರ್ಟ್ಸಿಗೊಂದರಂತೆ ಒತ್ತಾಗಿ ಕೂರಿಸಿರುವುದರಿಂದ ಸುಮಾರು 4,500 ಹರ್ಟ್ಸಿನ ಮೇಲಿನ ನಾದಕ್ಕೆ ಅಲ್ಲಿ ಜಾಗವೇ ಕಡಮೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು.

ಮೊದಲ ಪ್ರಯತ್ನ ಬಹಳ ಸುಲಭವಾಗಿತ್ತು. ಮೊಬೈಲಿನಿಂದ ಬ್ಲೂಟೂತ್ ಮೂಲಕ ಆಂಪ್ಲಿಫೈಯರಿಗೆ ಹಾಡನ್ನು ಕಳಿಸಿದೆ. ಪರದೆಯ ಮೇಲೆ ‘ನಷ್ಟವಿಲ್ಲದ ಧ್ವನಿ’ ಎಂಬ ಮುದ್ರೆ ಹೊಳೆಯಿತು. ಆದರೆ ಬ್ಲೂಟೂತ್ ತನ್ನ ದಾರಿ ಕಿರಿದೆಂದು ಹಾಡನ್ನು ಮತ್ತೆ ಹಿಂಡಿ, ಒಂದಷ್ಟನ್ನು ಚೆಲ್ಲಿಯೇ ಕಳಿಸುತ್ತದೆಂದು ಆಮೇಲೆ ತಿಳಿಯಿತು. ಎರಡನೆಯ ಸಲ, ಅಂಕಿಗಳನ್ನು ಮತ್ತೆ ನಾದವಾಗಿಸುವ ‘ಡ್ಯಾಕ್’ ಎಂಬ ಪುಟ್ಟ ಪೆಟ್ಟಿಗೆಯನ್ನು ತಂದೆ. ಎಷ್ಟು ಅಳತೆಯ ಹಾಡು ಬರುತ್ತಿದೆ ಎಂಬುದಕ್ಕೆ ಅದರಲ್ಲಿ ಬಣ್ಣಬಣ್ಣದ ದೀಪಗಳು. ನಾನು 96ರ ಹಾಡು ಹಾಕಲಿ, 192ರ ಹಾಡು ಹಾಕಲಿ, ಉರಿಯುವುದು 48ರ ದೀಪವೊಂದೇ! ಆಂಡ್ರಾಯ್ಡ್ ಫೋನು ಎಲ್ಲ ಸದ್ದುಗಳನ್ನೂ, ಗಂಟೆ, ಸಂದೇಶ, ಹಾಡು ಎಲ್ಲವನ್ನೂ, ಒಂದೇ ಪಾತ್ರೆಗೆ ಸುರಿದು ಸಾಮಾನ್ಯವಾಗಿ 48,000ದ ಅಳತೆಗೆ ಕಲಸಿಬಿಡುತ್ತದೆ. ದುಡ್ಡು ಕೊಟ್ಟು ಕೊಂಡ ಜೀರಿಗೆ ಸಣ್ಣಕ್ಕಿಯನ್ನು ಅನ್ನಸಂತರ್ಪಣೆಯ ಕೊಪ್ಪರಿಗೆಗೆ ಹಾಕಿದ ಹಾಗೆ.

ಮೂರನೆಯ ಸಲ ಫೋನಿನ ಹಂಗೇ ಬೇಡವೆಂದು, ತಾನೇ ಅಂತರ್ಜಾಲದಿಂದ ಹಾಡನ್ನು ಸೆಳೆದುಕೊಳ್ಳುವ ಸ್ಟ್ರೀಮರ್ ಎಂಬ ಯಂತ್ರವನ್ನು ತರಿಸಿದೆ. ಅದರ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ನಮ್ಮ ಊರಿಗೆ ಫೈಬರ್ ತಂತಿ ಬಂದು ಕೆಲವು ವರ್ಷಗಳಾದವು. 2020ರ ಲಾಕ್‌ಡೌನಿನಲ್ಲಿ ನನ್ನ ವಿದ್ಯಾರ್ಥಿಗಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತು ನನ್ನ ಪಾಠ ಕೇಳಿದ್ದನ್ನು ಕಂಡವನಿಗೆ, ಮರದಿಂದ ಮರಕ್ಕೆ ತೂಗುತ್ತ ಬಂದ ಆ ತಂತಿ ಭಗೀರಥನ ಗಂಗೆಯಂತೆಯೇ ತೋರುತ್ತದೆ. 192ರ ಹಾಡಿಗೆ ಹಿಂಡದ ಲೆಕ್ಕದಲ್ಲಿ ಸೆಕೆಂಡಿಗೆ 92 ಲಕ್ಷ ಬಿಟ್ಟುಗಳು ಬೇಕು. ತಂತಿ ಅಷ್ಟನ್ನು ತಂದೀತು. ಆದರೆ ರೂಟರ್ ಇರುವುದು ಹೊರಜಗಲಿಯಲ್ಲಿ, ಹೈ-ಫೈ ಇರುವುದು ಒಳಗೆ. ನಡುವೆ ಅಜ್ಜನ ಕಾಲದ ಮಣ್ಣಿನ ಗೋಡೆ, ಒಂದೂವರೆ ಮೊಳ ದಪ್ಪ. ವೈ-ಫೈ ಅದನ್ನು ದಾಟಲಾರದೆ ಆಲಾಪದ ನಡುವೆ ನಿಂತುನಿಂತು ಉಸಿರೆಳೆಯತೊಡಗಿತು. ಕೊನೆಗೆ ಅಟ್ಟದ ತೊಲೆಗುಂಟ ಕೇಬಲ್ ಎಳೆದೆವು.

ಆಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಹಿಡಿಯಿತು. ಷಡ್ಜವೂ ಅಲ್ಲದ, ಪಂಚಮವೂ ಅಲ್ಲದ ಅಪಸ್ವರ. ಅದು ನಮ್ಮ ವಿದ್ಯುತ್ತಿನ 50 ಹರ್ಟ್ಸಿನ ಗುನುಗು. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಇದು ಸಾಮಾನ್ಯವೆಂದು ವಿದ್ಯುತ್ ಕೆಲಸದವರು ಹೇಳಿದರು. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿಹೋಗಿತ್ತು. ಅಣ್ಣ ಹೊಸದಾಗಿ ಇದ್ದಿಲು, ಉಪ್ಪು ತುಂಬಿ ಎರಡು ಕೊಡ ನೀರು ಹೊಯ್ದ. ಗುನುಗು ಬಹಳಮಟ್ಟಿಗೆ ಅಡಗಿತು. ಆನಂತರ ಮೇ ತಿಂಗಳ ಸಿಡಿಲಿಗೆ ರೂಟರ್ ಸುಟ್ಟಿತು. ಮೋಡ ಕಪ್ಪಾದೊಡನೆ ಎಲ್ಲ ತಂತಿಗಳನ್ನೂ ಕಿತ್ತಿಡಬೇಕೆಂಬುದು ಮಲೆನಾಡಿನಲ್ಲಿ ಮಗುವಿಗೂ ತಿಳಿದ ಪಾಠ, ಮೇಷ್ಟರಿಗೆ ಮರೆತಿತ್ತು.

ಅಂತೂ ಒಂದು ಸಂಜೆ 96ರ ದೀಪ ಉರಿಯಿತು. ಮನ್ಸೂರರ ಕಛೇರಿಯೊಂದರ ಮುದ್ರಣವನ್ನು ಹಾಕಿ ತಂದೆಯವರನ್ನು ಆರಾಮಕುರ್ಚಿಯಲ್ಲಿ ಕೂರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ತಾಳ ಹಾಕುವ ಬೆರಳು ಕೆಲಹೊತ್ತು ಆಡಿ ನಿಂತಿತು.

“ಹಾಡು ಬತ್ತು ತಮಾ, ತಂಬೂರಿ ಇಲ್ಲೆ” ಎಂದರು.

ನನಗೆ ಎದೆ ಧಸಕ್ಕೆಂದಿತು. ಆದರೂ ಅವರ ಮಾತಿಗೆ ಕಾರಣವಿರಬಹುದೆಂದು ನನ್ನ ಬುದ್ಧಿಯೇ ವಾದ ಹೂಡಿತು. ಹಳೆಯ ಟೇಪನ್ನು 24 ಬಿಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆ ದೊಡ್ಡದಾಗುತ್ತದೆ, ಒಳಗಿನ ವಸ್ತು ಬೆಳೆಯುವುದಿಲ್ಲ. ಗಂಗೂಬಾಯಿಯವರು 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಿಂದ ಹಾಡಿದ ಮೂರು ನಿಮಿಷದ ತಟ್ಟೆಗಳನ್ನು 192ರ ಅಳತೆಯಲ್ಲಿ ಕೇಳಿದರೆ, ಮುಳ್ಳಿನ ಸರಸರವೇ ಅತ್ಯಂತ ಪ್ರಾಮಾಣಿಕವಾಗಿ ಕೇಳಿಸುತ್ತದೆ. ಆ ಸರಸರವನ್ನು ತೆಗೆಯಲೆಂದು ಕಂಪ್ಯೂಟರಿನಲ್ಲಿ ತೊಳೆಯುವ ಕ್ರಮವೂ ಉಂಟು. ಒಂದೇ ಸಮನೆ ಹಿನ್ನೆಲೆಯಲ್ಲಿ ನಿಂತ ಸದ್ದನ್ನು ಅದು ಕೊಳೆಯೆಂದು ತಿಳಿಯುತ್ತದೆ. ಮಿತಿಮೀರಿ ತೊಳೆದರೆ ತಂಬೂರಿಯೂ ಕೊಳೆಯೊಡನೆ ಹೋದೀತು. ಸರಿ, ಹೊಸ ಮುದ್ರಣ ಹಾಕಿದೆ: ಯಲ್ಲಾಪುರ ತಾಲ್ಲೂಕಿನವರೇ ಆದ, ರಾಜಗುರುಗಳ ಶಿಷ್ಯರಾದ ಹಾಸಣಗಿಯ ಗಣಪತಿ ಭಟ್ಟರದು. ತಂದೆ ತಲೆದೂಗಿದರು. ಮುಗಿದ ಮೇಲೆ ಮತ್ತೆ ಅದೇ ಮಾತು. “ರೇಡಿಯೋದಲ್ಲಿ ಕೇಳ್ತಿತ್ತು. ಎಲ್ಲಿ ಹೋತು ಅದು?”

4,500 ಹರ್ಟ್ಸಿನ ರೇಡಿಯೋದಲ್ಲಿ ಇದ್ದದ್ದು 96,000 ಅಳತೆಯ ಹಾಡಿನಲ್ಲಿ ಇಲ್ಲವೆಂದರೇನು! ತಂತಿ ಬದಲಿಸಿದೆ. ಸ್ಪೀಕರುಗಳನ್ನು ಗೋಡೆಯಿಂದ ಎರಡು ಅಡಿ ಮುಂದೆ ತಂದೆ. ಡ್ಯಾಕನ್ನು ಹೊತ್ತು ಶಿರಸಿಯ ನನ್ನ ಬಾಡಿಗೆ ಮನೆಯಲ್ಲಿ ಕೇಳಿದೆ, ತಂಬೂರಿ ಇತ್ತು. ನನ್ನ ಕಿವಿಯನ್ನೂ ನಂಬದೆ, ಯಲ್ಲಾಪುರದ ಕಡೆ ಕೊಟ್ಟ ಅಕ್ಕನ ಮನೆಗೆ ಹಾಡುಗಳನ್ನು ಫೋನಿನಲ್ಲಿ ಇಳಿಸಿಕೊಂಡು ಹೋದೆ. ಅಲ್ಲಿ ಇಂದಿಗೂ ಅಂಗಳದ ತುದಿಯ ತೆಂಗಿನಮರದ ಬುಡದಲ್ಲಿ ಮಾತ್ರ ಸಿಗ್ನಲ್. ಹತ್ತೊಂಬತ್ತು ವರ್ಷದ ಅಳಿಯ ಹೆಡ್‌ಫೋನ್ ಹಾಕಿಕೊಂಡು ಕೇಳಿದ. “ತಂಬೂರಿ ಚೊಲೊ ಕೇಳ್ತು ಮಾವ” ಎಂದ. ಸಂಗೀತದ ಗಂಧವಿಲ್ಲದ ಹುಡುಗ. ಅವನಿಗೆ ನಾಲ್ಕು ತಂತಿಗಳು ಬೇರೆಬೇರೆಯಾಗಿ ಕೇಳಿದ್ದವು.

ಆ ರಾತ್ರಿ ಅಕ್ಕ ಊಟಕ್ಕೆ ಬಡಿಸುತ್ತ, ಅಪ್ಪಯ್ಯ ಫೋನಿನಲ್ಲಿ ಈಚೆಗೆ ‘ಹೂಂ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲವೆಂದಳು. ಆಯಿ ಎಂದೋ ಹೇಳಿದ್ದ ಮಾತು ನನಗೆ ನೆನಪಾಯಿತು: “ಆನು ಹೇಳಿದ್ದೂ ಅವಕ್ಕೆ ಕೇಳ್ತಿಲ್ಲೆ.” ಅದನ್ನು ನಾವೆಲ್ಲ ದಾಂಪತ್ಯದ ಹಳೆಯ ದೂರೆಂದು ನಕ್ಕು ಬಿಟ್ಟಿದ್ದೆವು. ಮನೆಗೆ ನಾಲ್ಕು ಜನ ಬಂದರೆ ಅವರು ತೋಟಕ್ಕೆ ಎದ್ದು ಹೋಗುತ್ತಿದ್ದುದನ್ನು ವಯಸ್ಸಿನ ವೈರಾಗ್ಯವೆಂದು ಗೌರವಿಸಿದ್ದೆವು. ತಾಳಮದ್ದಲೆಗೆ ಹೋಗುವುದನ್ನು ನಿಲ್ಲಿಸಿದಾಗ, ಈಗಿನ ಅರ್ಥಧಾರಿಗಳ ಮೇಲೆ ಅವರಿಗೆ ಬೇಸರವೆಂದುಕೊಂಡಿದ್ದೆವು.

ಶಿರಸಿಯಲ್ಲಿ ಶ್ರವಣ ಪರೀಕ್ಷೆ ಮಾಡಿಸಿದೆ. 250ರಿಂದ 8,000 ಹರ್ಟ್ಸಿನವರೆಗೆ ಒಂದೊಂದೇ ಸ್ವರವನ್ನು ಕೇಳಿಸಿ ಗೆರೆ ಎಳೆಯುತ್ತಾರೆ. ತಂದೆಯವರ ಗೆರೆ ಸಾವಿರದವರೆಗೆ ಸಾಧಾರಣವಾಗಿ ನಡೆದು, ಎರಡು ಸಾವಿರದಾಚೆ ನಮ್ಮ ಘಟ್ಟದ ಹಾಗೆ ಕೆಳಗೆ ಧುಮುಕಿತ್ತು. ವಯಸ್ಸಾದಂತೆ ಕಿವಿ ಮೇಲಿನ ಸ್ವರಗಳನ್ನೇ ಮೊದಲು ಕಳೆದುಕೊಳ್ಳುತ್ತದೆ. ಸ, ಶ, ಷಗಳ ಊಷ್ಮವೆಲ್ಲ ಅಲ್ಲಿಯೇ ಇರುವುದು. ಅದು ಹೋದರೆ ಮಾತು ಕೇಳುತ್ತದೆ, ಪದ ತಿಳಿಯುವುದಿಲ್ಲ. ತಂಬೂರಿಯ ಗುಂಗು ಇರುವುದೂ ಅಲ್ಲಿಯೇ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಹತ್ತಿಯ ನೂಲು ಮೂಲಸ್ವರದ ಮೇಲೆ ಹತ್ತಾರು ಉಪಸ್ವರಗಳನ್ನು ಎಬ್ಬಿಸುತ್ತದೆ. ಆ ನೂಲಿಗೆ ಜೀವಾಳವೆಂದು ಹೆಸರು. ತಿರುಳು, ಸಾರ ಎನ್ನುವುದಕ್ಕೂ ಕನ್ನಡದಲ್ಲಿ ಇದೇ ಪದ. ರೇಡಿಯೋದ ಆ ಇಕ್ಕಟ್ಟಿನಲ್ಲಿಯೂ ಜೀವಾಳದ ಒಂದು ಪಾಲು ಬರುತ್ತಿತ್ತು. ಅದನ್ನು ಹಿಡಿಯುವ ಕಿವಿ ಆಗ ಇತ್ತು. ನಾನು ನಾಲ್ಕು ತಿಂಗಳು ತಂತಿಗಳಲ್ಲಿ ಹುಡುಕಿದ್ದು ಇದನ್ನು.

ಶ್ರವಣಸಾಧನವನ್ನು ಹಾಕಿಕೊಂಡು ಬಂದ ಮೊದಲ ದಿನ ತಂಬೂರಿ ಬಂದಿತು. ಆದರೆ ನೀರಿನಲ್ಲಿ ತೇಲಿದಂತೆ ಓಲಾಡುತ್ತಿದೆ ಎಂದರು. ಅದಕ್ಕೂ ಕಾರಣವಿತ್ತು. ಸಾಧನವು ಕಿವಿಯಲ್ಲಿ ಶಿಳ್ಳೆ ಹಾಕದಂತೆ ತಡೆಯುವ ಒಂದು ಏರ್ಪಾಡು ಅದರೊಳಗಿದೆ. ಎಳೆದು ನಿಲ್ಲಿಸಿದ ಸ್ವರವನ್ನು ಅದು ಶಿಳ್ಳೆಯೆಂದೇ ಭಾವಿಸಿ ಅಳಿಸಹೋಗುತ್ತದೆ. ಪರೀಕ್ಷಿಸಿದವರಿಗೆ ಹೇಳಿದಾಗ, ಆ ತಡೆಯನ್ನು ಸಡಿಲಿಸಿ ಸಂಗೀತಕ್ಕೆಂದೇ ಬೇರೊಂದು ಕ್ರಮವನ್ನು ಹೊಂದಿಸಿಕೊಟ್ಟರು. ಬಹುಪಾಲು ಸಾಧನಗಳು ಎಂಟು ಸಾವಿರ ಹರ್ಟ್ಸಿನ ಆಚೆಗೆ ಹೆಚ್ಚೇನನ್ನೂ ಕೊಡುವುದಿಲ್ಲ. ನನ್ನ 96ರ ದೀಪ ಈಗಲೂ ಉರಿಯುತ್ತದೆ. ಅದನ್ನು ನೋಡುವವನು ನಾನೊಬ್ಬನೇ.

ಡಿಸೆಂಬರಿನ ಒಂದು ಮಧ್ಯಾಹ್ನ ತಂದೆ ತಾವೇ ಹೇಳಿ ರಾಜಗುರುಗಳನ್ನು ಹಾಕಿಸಿಕೊಂಡು ಕುಳಿತಿದ್ದರು. ಅಂಗಳದ ತುಂಬ ಚಾಲಿ ಅಡಕೆ ಹರವಿತ್ತು. ವಿಲಂಬಿತ ಮುಗಿದು ದ್ರುತ್ ಹಿಡಿಯುವ ಹೊತ್ತು. ನಾನೂ ಅಣ್ಣನೂ ಕೇಳುವುದರಲ್ಲಿ ಮುಳುಗಿದ್ದೆವು. ಅವರು ಥಟ್ಟನೆ ಕೈಯೆತ್ತಿದರು. ಏನು ತಪ್ಪಿತೋ ಎಂದು ನಾನು ಡ್ಯಾಕಿನ ಕಡೆ ನೋಡಿದೆ.

“ಮಳೆ ಬಂತು! ಅಡಕೆ ಒಳಗೆ ಹಾಕ್ರೋ!”

ಕೊಟ್ಟಿಗೆಯ ತಗಡಿನ ಮೇಲೆ ನಾಲ್ಕೋ ಐದೋ ಹನಿ ಬಿದ್ದಿದ್ದವು, ನಮಗಿಬ್ಬರಿಗೂ ಕೇಳಿರಲಿಲ್ಲ. ಎಲ್ಲರೂ ಬುಟ್ಟಿ ಹಿಡಿದು ಅಂಗಳಕ್ಕೆ ಓಡಿದೆವು. ಒಳಗೆ ಹಾಡು ತನ್ನಷ್ಟಕ್ಕೆ ನಡೆದಿತ್ತು.