ಪಾದದ ಪರೀಕ್ಷೆ

ಕಳೆದ ವರ್ಷ ಆಷಾಢದ ಒಂದು ಶುಕ್ರವಾರ ನಮ್ಮ ದೊಡ್ಡಪ್ಪನವರು ಮೆಟ್ಟಿಲ ದಾರಿಯಲ್ಲಿ ಚಾಮುಂಡಿಬೆಟ್ಟವನ್ನು ಹತ್ತಿ ಇಳಿದರು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಆ ಸುಮಾರು 1000 ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರುವುದು ಅವರಿಗೆ ನಲವತ್ತು ವರ್ಷಗಳ ವಾಡಿಕೆ. ಇಳಿದ ಮೇಲೆ, ಬೆಟ್ಟದ ಬುಡದಲ್ಲಿ ಬಿಟ್ಟಿದ್ದ ಬೂಟುಗಳನ್ನು ಹಾಕಿಕೊಂಡು ಕೃಷ್ಣಮೂರ್ತಿಪುರದ ಮನೆಯವರೆಗೆ ಒಂದು ಗಂಟೆಯ ಕಾಲ ನಡೆದೇ ಬಂದರು. ಬಚ್ಚಲಿನಲ್ಲಿ ಕಾಲು ತೊಳೆಯುವಾಗ ನೀರು ಕೆಂಪಗೆ ಹರಿಯುತ್ತಿದ್ದುದನ್ನು ದೊಡ್ಡಮ್ಮನವರು ಕಂಡರು. ಬಲಗಾಲಿನ ಬೂಟನ್ನು ಕೊಡವಿದಾಗ ಕಡಲೆಕಾಳಿನಷ್ಟು ಗಾತ್ರದ ಒಂದು ಬೆಣಚುಕಲ್ಲಿನ ಚೂರು ಉದುರಿತು.

"ನೋವೇ ಇಲ್ಲವಲ್ಲ, ಇದಕ್ಕೇಕೆ ಇಷ್ಟು ಗಾಬರಿ?" ಎಂದರು ದೊಡ್ಡಪ್ಪ.

ದೊಡ್ಡಪ್ಪನವರಿಗೆ ಹದಿನೈದು ವರ್ಷಗಳಿಂದ ಮಧುಮೇಹವಿದೆ. ಅಂಗಾಲಿನಲ್ಲಿ ಗಾಯವಿದ್ದೂ ನೋವಿಲ್ಲವೆಂದರೆ ಅದಕ್ಕಿಂತ ಗಾಬರಿಗೆ ತಕ್ಕ ಸಂಗತಿ ಬೇರೊಂದಿಲ್ಲವೆಂಬುದು ನಮಗೂ ಅಂದು ತಿಳಿದಿರಲಿಲ್ಲ. ಅದನ್ನು ತಿಳಿಯುವ ಮುನ್ನ ಊರಿನಲ್ಲಿ ಪಾದದ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕೆಂದು ಹುಡುಕಾಡಿದೆವು. ಆ ಹುಡುಕಾಟದಲ್ಲಿ ಕಲಿತದ್ದರ ಬಹುಭಾಗ ನಾವು ದಿನವೂ ತರಗತಿಯಲ್ಲಿ ಬೋಧಿಸುವ ಭೌತಶಾಸ್ತ್ರವೇ ಆಗಿತ್ತು. ಆದುದರಿಂದಲೇ ಈ ಲೇಖನ.

ಪಾದವೆಂಬ ಯಂತ್ರ

ನಮ್ಮ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಇವುಗಳನ್ನು ನೂರಕ್ಕೂ ಮಿಕ್ಕ ಕಟ್ಟುನಾರುಗಳು ಬಿಗಿದು, ಅಂಗಾಲಿನ ನಡುವೆ ಕಮಾನಿನ ಆಕಾರವನ್ನು ಕೊಟ್ಟಿವೆ. ಕಾಲು ಮತ್ತು ಪಾದ ಸೇರುವೆಡೆಯಲ್ಲಿರುವ ಕೀಲೇ ಹರಡು. ಹಿಮ್ಮಡಿಯ ಹಿಂದೆ ಕೈಯಾಡಿಸಿದರೆ ಹಗ್ಗದಂತೆ ಬಿಗಿಯಾದ ಸ್ನಾಯುರಜ್ಜುವೊಂದು ಸಿಗುತ್ತದೆಯಷ್ಟೆ. ಮೀನಖಂಡದ ಸ್ನಾಯುಗಳು ಹಿಮ್ಮಡಿಯನ್ನು ಮೇಲೆತ್ತುವುದು ಇದರ ಮೂಲಕ.

ಮೆಟ್ಟಿಲು ಹತ್ತುವಾಗ ಒಂದು ಕಾಲಿನ ಮುಂಗಾಲಿನ ಮೇಲೆ ದೇಹವನ್ನು ಎತ್ತುತ್ತೇವೆ. ಇಲ್ಲಿ ಪಾದವು ಒಂದು ಸನ್ನೆ, ಹರಡೇ ಅದರ ಆಧಾರಬಿಂದು. ಹರಡಿನಿಂದ ಮುಂಗಾಲಿಗೆ ಸುಮಾರು 12 ಸೆಂಟಿಮೀಟರ್, ಹಿಂದಿನ ರಜ್ಜುವಿಗೆ ಸುಮಾರು 5 ಸೆಂಟಿಮೀಟರ್ ದೂರವೆಂದು ಇಟ್ಟುಕೊಳ್ಳೋಣ. ದೇಹದ ತೂಕ 60 ಕಿಲೋಗ್ರಾಂ ಆದರೆ ನೆಲವು ಮುಂಗಾಲನ್ನು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ. ಸಮತೋಲಕ್ಕೆ ಬೇಕಾದ ರಜ್ಜುವಿನ ಎಳೆತ 60ನ್ನು 12ರಿಂದ ಗುಣಿಸಿ 5ರಿಂದ ಭಾಗಿಸಿದಷ್ಟು, ಅಂದರೆ 144 ಕಿಲೋಗ್ರಾಂ ತೂಕದಷ್ಟು. ಹರಡಿನ ಕೀಲು ಈ ಎರಡನ್ನೂ ಹೊರಬೇಕು. ಅದರ ಹೊರೆ 204 ಕಿಲೋಗ್ರಾಂ. ಎರಡು ಮೂಟೆ ಅಕ್ಕಿಯ ತೂಕವನ್ನು ಬೆಟ್ಟದ ದಾರಿಯಲ್ಲಿ ಪ್ರತಿ ಹೆಜ್ಜೆಗೂ ನಮ್ಮ ಹರಡು ಹೊರುತ್ತದೆಂಬುದನ್ನು ನೆನೆದರೆ, ಅದು ಒಮ್ಮೊಮ್ಮೆ ನೋಯುವುದು ಆಶ್ಚರ್ಯವಲ್ಲ. ಅಷ್ಟು ಅಪರೂಪವಾಗಿ ನೋಯುವುದೇ ಆಶ್ಚರ್ಯ.

ಭಾರ ಒಂದೇ, ಒತ್ತಡ ಬೇರೆ

ಬಲವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ದೊರೆಯುವುದೆಂದು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವೆ. ನಿಂತಾಗ ಎರಡು ಅಂಗಾಲುಗಳೂ ಕೂಡಿ ಸುಮಾರು 200 ಚದರ ಸೆಂಟಿಮೀಟರ್ ನೆಲವನ್ನು ಮುಟ್ಟುತ್ತವೆ ಎನ್ನೋಣ. ಆಗ 60 ಕಿಲೋಗ್ರಾಂ ತೂಕದವರ ಅಂಗಾಲಿನ ಮೇಲೆ ಚದರ ಸೆಂಟಿಮೀಟರಿಗೆ 300 ಗ್ರಾಂ ಒತ್ತಡ ಬಿತ್ತು. ಅದೇ ದೇಹದ ತೂಕದಲ್ಲಿ ಕೇವಲ 5 ಕಿಲೋಗ್ರಾಂ ಮಾತ್ರ, ಬೂಟಿನೊಳಗಿನ ಕಾಲು ಚದರ ಸೆಂಟಿಮೀಟರ್ ಅಗಲದ ಕಲ್ಲಿನ ಮೇಲೆ ಬಿದ್ದರೆ ಒತ್ತಡವು ಚದರ ಸೆಂಟಿಮೀಟರಿಗೆ 20 ಕಿಲೋಗ್ರಾಂ ಆಗುತ್ತದೆ. ಇದು ಮೊದಲಿನದರ ಅರವತ್ತು ಪಟ್ಟಿಗೂ ಹೆಚ್ಚು. ಒಂದು ಗಂಟೆಯ ನಡಿಗೆಯಲ್ಲಿ ಒಂದು ಪಾದವು ಸುಮಾರು 3000 ಬಾರಿ ನೆಲವನ್ನು ಮೆಟ್ಟುತ್ತದೆ. ದೊಡ್ಡಪ್ಪನವರ ಅಂಗಾಲಿಗೆ ಆದದ್ದು ಇದೇ.

ಕಲ್ಲಿಲ್ಲದಿದ್ದರೂ ಅಪಾಯ ಉಂಟು. ಅತಿ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವು 30 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿರುತ್ತದೆ. ನಾವು ಮೇಲೆ ಕಂಡ 300 ಗ್ರಾಂ ಎಂದರೆ ಸುಮಾರು 220 ಮಿಲಿಮೀಟರ್. ಹೀಗಾಗಿ ನಿಂತಾಗ ಅಂಗಾಲಿನ ಸೂಕ್ಷ್ಮನಾಳಗಳು ಹಿಸುಕಿ ಹೋಗಿ ರಕ್ತ ಹರಿಯದಂತಾಗುತ್ತದೆ. ಬಸ್ಸಿಗಾಗಿ ಕಾದು ನಿಂತವರು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇರುವುದನ್ನು ವಾಚಕರು ಗಮನಿಸಿರಬಹುದು. ಅವರಿಗೆ ಅರಿವಿಲ್ಲದಂತೆಯೇ ನರಗಳು ಸಣ್ಣದೊಂದು ಅಸೌಖ್ಯವನ್ನು ಸೂಚಿಸಿ ಹಾಗೆ ಮಾಡಿಸುತ್ತವೆ.

ನೋವಿನ ಉಪಕಾರ

ಹಾಗಾದರೆ ಆ ಸೂಚನೆಯೇ ಬಾರದೆ ಹೋದರೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿದ ಇವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಸೇರಿದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆಂದು ಆಗ ನಂಬಿಕೆಯಿತ್ತು. ರೋಗವು ನರಗಳನ್ನು ಕೆಡಿಸಿ ನೋವನ್ನು ಅಳಿಸುತ್ತದೆ. ನೋವಿಲ್ಲದ ಕೈಕಾಲುಗಳನ್ನು ರೋಗಿಯು ತಿಳಿಯದೆ ಗಾಯಗೊಳಿಸಿಕೊಳ್ಳುತ್ತಾನೆ. ಹಾನಿಯ ಬಹುಭಾಗ ಆ ಗಾಯಗಳಿಂದ ಆದದ್ದೆಂದು ಬ್ರಾಂಡ್ ತೋರಿಸಿಕೊಟ್ಟರು. ಅಂತಹ ಪಾದಗಳಿಗೆ ಮೆತ್ತನೆಯ ರಬ್ಬರಿನ ಪಾದರಕ್ಷೆಗಳನ್ನು ಮಾಡಿಸಿ, ಭಾರವನ್ನು ಅಂಗಾಲಿನ ಉದ್ದಗಲಕ್ಕೆ ಹರಡುವುದು ಅವರು ಹಿಡಿದ ದಾರಿಗಳಲ್ಲೊಂದು.

ಮಧುಮೇಹದಲ್ಲಿಯೂ ಇದೇ ಕಥೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ನರಗಳು ಕೆಡುತ್ತವೆ. ದೇಹದ ಅತಿ ಉದ್ದನೆಯ ನರಗಳು ಪಾದಕ್ಕೆ ಹೋಗುವಂಥವು. ಸಾಮಾನ್ಯವಾಗಿ ಅವೇ ಮೊದಲು ಸೋಲುತ್ತವೆ. ಜೊತೆಗೆ ಕಾಲಿನ ರಕ್ತನಾಳಗಳೂ ಕಿರಿದಾದರೆ ಗಾಯ ಮಾಯುವುದು ತಡವಾಗುತ್ತದೆ. ಕಲ್ಲು ಚುಚ್ಚಿದರೆ ಆರೋಗ್ಯವಂತನು ಕುಂಟುತ್ತಾನೆ; ಆ ಕುಂಟುವಿಕೆಯೇ ಪಾದಕ್ಕೆ ರಕ್ಷೆ. ದೊಡ್ಡಪ್ಪನವರು ಕುಂಟಲಿಲ್ಲ.

ವೈದ್ಯರ ಮೇಜಿನ ಮೇಲೆ ನಮ್ಮ ಪ್ರಯೋಗಶಾಲೆ

ನಾವು ಮೊದಲು ಹೋದ ಕಡೆ ಎಡಗಾಲಿನ ಬೂಟನ್ನು ತೆಗೆಸಲೇ ಇಲ್ಲ. ಬಲಗಾಲಿನ ಗಾಯವನ್ನು ದೂರದಿಂದ ನೋಡಿ ಮುಲಾಮು ಬರೆದುಕೊಟ್ಟರು. ಹತ್ತು ದಿನಗಳಾದರೂ ಗಾಯ ಮಾಯದೆ ಇನ್ನಷ್ಟು ಅಗಲವಾದಾಗ ಬೇರೊಬ್ಬ ಶಸ್ತ್ರವೈದ್ಯರಲ್ಲಿಗೆ ಹೋದೆವು. ಅವರು ಎರಡು ಕಾಲುಗಳನ್ನೂ ಬರಿದು ಮಾಡಿಸಿ, ಬೆರಳ ಸಂದುಗಳನ್ನು ಬಿಡಿಸಿ ನೋಡಿ, ಮೇಜಿನ ಸೆಳೆಖಾನೆಯಿಂದ ಒಂದು ಶ್ರುತಿಕವೆಯನ್ನು ತೆಗೆದರು. ನಮ್ಮ ಕಾಲೇಜಿನ ಪ್ರಯೋಗಶಾಲೆಯ ಹಳೆಯ ಗೆಳೆಯನನ್ನು ಅಲ್ಲಿ ಕಂಡು ನಾವು ಬೆರಗಾದೆವು.

ಸೆಕೆಂಡಿಗೆ 128 ಬಾರಿ ಕಂಪಿಸುವ ಆ ಕವೆಯನ್ನು ಮೀಟಿ, ಅದರ ಬುಡವನ್ನು ಹೆಬ್ಬೆರಳಿನ ಮೂಳೆಯ ಮೇಲಿಟ್ಟು, ಕಂಪನ ತಿಳಿಯುವುದೇ ಎಂದು ಕೇಳುತ್ತಾರೆ. ಬಳಿಕ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ನೆಟ್ಟಗೆ ಹಿಡಿದು, ಅದು ಬಾಗುವವರೆಗೆ ಒತ್ತುತ್ತಾರೆ. ತೆಳುವಾದ ಕಂಬವೊಂದು ಗೊತ್ತಾದ ಭಾರಕ್ಕೆ ಬಾಗುವುದೆಂಬ ನಿಯಮವನ್ನು ಗಣಿತಜ್ಞ ಆಯ್ಲರ್ ಹದಿನೆಂಟನೆಯ ಶತಮಾನದಲ್ಲಿ ಕಂಡುಹಿಡಿದನು. ಈ ಎಳೆಯನ್ನು ಸುಮಾರು 10 ಗ್ರಾಂ ಬಲಕ್ಕೆ ಬಾಗುವಂತೆ ಮಾಡಿರುತ್ತಾರೆ. ಒತ್ತುವವನ ಕೈ ಬಲವಾಗಿರಲಿ, ಹಗುರವಾಗಿರಲಿ, ಪಾದಕ್ಕೆ ತಾಗುವ ಬಲ ಬಹುಮಟ್ಟಿಗೆ ಒಂದೇ. ಆ 10 ಗ್ರಾಂ ಸ್ಪರ್ಶವೂ ತಿಳಿಯದ ಪಾದವು ತನ್ನನ್ನು ತಾನು ಕಾಪಾಡಿಕೊಳ್ಳಲಾರದು.

ಮೂರನೆಯದು ರಕ್ತದ ಹರಿವು. ರೈಲು ನಮ್ಮತ್ತ ಬರುವಾಗ ಅದರ ಸಿಳ್ಳಿನ ಶ್ರುತಿ ಏರಿ, ದೂರ ಹೋಗುವಾಗ ಇಳಿಯುವುದಷ್ಟೆ. ಇದರ ತತ್ತ್ವವನ್ನು 1842ರಲ್ಲಿ ಡಾಪ್ಲರ್ ವಿವರಿಸಿದನು. ಹರಿಯುವ ರಕ್ತಕಣಗಳಿಂದ ಹಿಂದಿರುಗುವ ಶ್ರವಣಾತೀತ ಧ್ವನಿಯಲ್ಲಿಯೂ ಇದೇ ವ್ಯತ್ಯಾಸ ಉಂಟಾಗುತ್ತದೆ. ಈ ಉಪಕರಣದ ನೆರವಿನಿಂದ ಹರಡಿನ ಬಳಿಯ ರಕ್ತದೊತ್ತಡವನ್ನು ಅಳೆದು ತೋಳಿನ ರಕ್ತದೊತ್ತಡದಿಂದ ಭಾಗಿಸುತ್ತಾರೆ. ಭಾಗಲಬ್ಧವು 0.9ಕ್ಕಿಂತ ಕಡಮೆಯಾದರೆ ಕಾಲಿನ ನಾಳಗಳು ಕಿರಿದಾಗಿವೆಯೆಂದು ಅರ್ಥ. ಮಧುಮೇಹಿಗಳಲ್ಲಿ ನಾಳಗಳ ಗೋಡೆ ಗಡುಸಾಗಿ ಈ ಸಂಖ್ಯೆ ಹುಸಿಯಾಗಿ ಹೆಚ್ಚಬಹುದಾದ್ದರಿಂದ, ಅಂಥವರಿಗೆ ಬೆರಳಿನ ರಕ್ತದೊತ್ತಡವನ್ನೂ ನೋಡುವುದುಂಟು. ನಾಲ್ಕನೆಯದು ಉಷ್ಣತೆ. ಎರಡು ಪಾದಗಳ ಒಂದೇ ಜಾಗದಲ್ಲಿ 2 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಅಂತರ ಕಂಡುಬಂದು ಹಾಗೆಯೇ ಉಳಿದರೆ, ಬಿಸಿಯಾದ ಕಡೆ ಒಳಗೆ ಹಾನಿ ನಡೆಯುತ್ತಿರಬಹುದು.

ನೋವು ಮಾಡಬೇಕಾಗಿದ್ದ ಕೆಲಸವನ್ನು ಈ ಉಪಕರಣಗಳು ಮಾಡುತ್ತವೆ. ಒಳ್ಳೆಯ ಪಾದಚಿಕಿತ್ಸಾಲಯವನ್ನು ಹೇಗೆ ಗುರುತಿಸಬೇಕೆಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಬಾಗಿಲಿನ ಫಲಕ ಎಷ್ಟು ದೊಡ್ಡದೆಂದು ನೋಡಬೇಕಿಲ್ಲ. ಎರಡೂ ಪಾದಗಳನ್ನು ಬರಿದು ಮಾಡಿಸಿ, ಮುಟ್ಟಿ, ಅಳೆದು, ಬಿಚ್ಚಿಟ್ಟ ಪಾದರಕ್ಷೆಯ ಒಳಗೂ ಕೈಯಿಟ್ಟು ನೋಡುವ ವೈದ್ಯರು ಎಲ್ಲಿದ್ದಾರೋ ಅದೇ ಒಳ್ಳೆಯ ಚಿಕಿತ್ಸಾಲಯ.

ಮೈಸೂರಿನಲ್ಲಿ ಎಲ್ಲಿಗೆ?

ಬ್ರಿಟನ್, ಅಮೆರಿಕಗಳಲ್ಲಿ ಪಾದಚಿಕಿತ್ಸೆಯು ಪೋಡಿಯಾಟ್ರಿ ಎಂಬ ಪ್ರತ್ಯೇಕ ವೃತ್ತಿ. ನಮ್ಮ ದೇಶದಲ್ಲಿ ಅದರಲ್ಲೇ ತರಬೇತಿ ಪಡೆದವರು ವಿರಳ. ಕಿವಿ ಮತ್ತು ಮಾತಿಗಾಗಿ ಮೈಸೂರಿನಲ್ಲಿ 1960ರ ದಶಕದಿಂದ ಅಖಿಲ ಭಾರತ ಮಟ್ಟದ ಸಂಸ್ಥೆಯೇ ಇದೆ; ಪಾದದ ಆರೈಕೆಯಾದರೋ ಹಲವು ವಿಭಾಗಗಳಲ್ಲಿ ಹಂಚಿಹೋಗಿದೆ. ಆದುದರಿಂದ ತೊಂದರೆ ಯಾವ ಬಗೆಯದೆಂದು ತಿಳಿದು ಹೋದರೆ ಅಲೆದಾಟ ತಪ್ಪುತ್ತದೆ.

ಬಿದ್ದು ಪೆಟ್ಟಾದರೆ, ಕಾಲು ಉಳುಕಿದರೆ, ಬೆಳಗ್ಗೆ ಎದ್ದು ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿ ನೋಯುತ್ತಿದ್ದರೆ ಮೂಳೆ ಮತ್ತು ಕೀಲು ವಿಭಾಗ. ಮಧುಮೇಹಿಯ ಪಾದದಲ್ಲಿ ಗಾಯವಾದರೆ ಶಸ್ತ್ರಚಿಕಿತ್ಸಾ ವಿಭಾಗ, ಅದರೊಡನೆ ಸಕ್ಕರೆಯನ್ನು ಹತೋಟಿಗೆ ತರುವ ವೈದ್ಯರು. ಒಡಕು, ಆಣಿಗಳಿಗೆ ಚರ್ಮವೈದ್ಯರು; ಆಣಿಯನ್ನು ಮನೆಯಲ್ಲಿ ಬ್ಲೇಡಿನಿಂದ ಕೊಯ್ಯುವುದು ಮಧುಮೇಹಿಗಳಿಗೆ ಬಹಳ ಅಪಾಯಕರ. ಬೆರಳು ತಣ್ಣಗಾಗಿ ಕಪ್ಪಿಟ್ಟರೆ, ಪಾದವು ಊದಿ ಬಿಸಿಯಾದರೆ ಅಂದೇ ಆಸ್ಪತ್ರೆ ಸೇರಬೇಕು. 1924ರಲ್ಲಿ ಸ್ಥಾಪಿತವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಈ ಮುಖ್ಯ ವಿಭಾಗಗಳೆಲ್ಲ ಒಂದೆಡೆ ದೊರೆಯುತ್ತವೆ, ಜೆ.ಎಸ್.ಎಸ್. ಆಸ್ಪತ್ರೆಯಲ್ಲಿಯೂ ಹಾಗೆಯೇ. ಇನ್ನೂ ವಿಶೇಷವಾದ ನೆರವು ಬೇಕಾದವರಿಗೆ ಬೆಂಗಳೂರಿನಲ್ಲಿರುವ ಸರ್ಕಾರದ ಕರ್ನಾಟಕ ಅಂತಃಸ್ರಾವಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಪಾದಚಿಕಿತ್ಸೆಯ ವಿಭಾಗವಿದೆ.

ಆಟದ ಮೈದಾನದಲ್ಲಿ ಕಾಲು ಉಳುಕಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಒಂದು ಮಾತು. ಕೆನಡದ ಆಟವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮವೊಂದಿದೆ. ಉಳುಕಿದ ಮೇಲೆ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹರಡಿನ ಎರಡು ಬದಿಗೆ ಉಬ್ಬಿರುವ ಮೂಳೆಗಳ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ ಕ್ಷ-ಕಿರಣದ ಚಿತ್ರ ತೆಗೆಸಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆಯನ್ನು, ಒಳಬದಿಯಲ್ಲಿ ಕಮಾನಿನ ಮೇಲಿರುವ ಮೂಳೆಯನ್ನು ಒತ್ತಿದಾಗ ನೋವಾದರೂ ಹೀಗೆಯೇ. ಈ ನಿಯಮ ನೋವನ್ನೇ ನೆಚ್ಚಿದೆಯೆಂಬುದನ್ನು ಮರೆಯಬಾರದು; ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ಇದು ಸಲ್ಲದು.

ಇಂದು ಸಂಜೆಯೇ ಮಾಡಿರಿ

ದೊಡ್ಡಪ್ಪನವರಿಗೆ ಬಲಪಾದದಲ್ಲಿ ಎಳೆಯ ಸ್ಪರ್ಶವೂ ತಿಳಿಯಲಿಲ್ಲ, ಕವೆಯ ಕಂಪನವೂ ತಿಳಿಯಲಿಲ್ಲ. ರಕ್ತದ ಹರಿವು ಚೆನ್ನಾಗಿದ್ದುದು ಅವರ ಪುಣ್ಯ. ವೈದ್ಯರು ಗಾಯವನ್ನು ಶುಚಿಮಾಡಿ, ಅಂಗಾಲಿಗೂ ಕಾಲಿಗೂ ಅಚ್ಚಿನಂತೆ ಒಪ್ಪುವ ಪಟ್ಟಿಯೊಂದನ್ನು ಮೊಣಕಾಲಿನ ಕೆಳಗಿನವರೆಗೆ ಹಾಕಿದರು.

"ಡಾಕ್ಟರೆ, ಗಾಯಕ್ಕೆ ಮದ್ದೇ ಹಾಕಲಿಲ್ಲವಲ್ಲ?" ಎಂದರು ದೊಡ್ಡಪ್ಪ.

"ಯಜಮಾನರೆ, ಗಾಯದ ಮೇಲಿನ ಭಾರ ತೆಗೆದೆನಲ್ಲ, ಅದೇ ಮದ್ದು" ಎಂದರು ವೈದ್ಯರು. ಮೂರ್ತಿ ಅದೇ, ತೂಕ ಅದೇ. ಭಾರ ಹೊರುವ ವಿಸ್ತೀರ್ಣ ಮಾತ್ರ ಹೆಚ್ಚಿತು. ವಾರವಾರವೂ ಪಟ್ಟಿ ಬದಲಾಯಿಸಿ, ಹತ್ತು ವಾರಗಳಲ್ಲಿ ಗಾಯ ಮಾಯಿತು. ಈ ವರ್ಷ ದೊಡ್ಡಪ್ಪನವರು ಬೆಟ್ಟಕ್ಕೆ ಬಸ್ಸಿನಲ್ಲಿ ಹೋದರು. ಹೊರಡುವ ಮುನ್ನ ಬೂಟುಗಳನ್ನು ತಾವೇ ಕೊಡವಿ ನೋಡಿದರು.

ಮನೆಯಲ್ಲಿ ಮಧುಮೇಹವುಳ್ಳ ಹಿರಿಯರಿದ್ದರೆ, ಇಂಗ್ಲೆಂಡಿನ ಇಪ್ಸ್‌ವಿಚ್‌ನ ವೈದ್ಯರು ರೂಪಿಸಿದ ಒಂದು ಸುಲಭ ಪರೀಕ್ಷೆಯನ್ನು ವಿದ್ಯಾರ್ಥಿಗಳು ಮಾಡಬಹುದು. ಉಪಕರಣ ಬೇಡ, ನಿಮ್ಮ ತೋರುಬೆರಳು ಸಾಕು. ಹಿರಿಯರು ಕಣ್ಣು ಮುಚ್ಚಿರಲಿ. ಒಂದೊಂದು ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಿರಿ, ಒತ್ತಬೇಡಿರಿ, ಸವರಬೇಡಿರಿ. ಆರು ಸ್ಪರ್ಶಗಳಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಾಗೆಯೇ ಅವರ ಅಂಗಾಲನ್ನೊಮ್ಮೆ ಬೆಳಕಿನಲ್ಲಿ ನೋಡಿರಿ. ಹಿರಿಯರ ಪಾದ ಮುಟ್ಟುವುದು ನಮಗೆ ಹೊಸದಲ್ಲ. ಮುಟ್ಟಿದ್ದು ಅವರಿಗೆ ತಿಳಿಯಿತೇ ಎಂದು ಕೇಳುವುದಷ್ಟೇ ಹೊಸದು.